ಹೋಗುವಾಗ 16 ಗಂಟೆ, ಬರುವಾಗ 17.5: ದೂರ ಒಂದೇ ಇದ್ದರೂ ಹೊತ್ತು ಬೇರೆ ಯಾಕೆ?

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಗಣಿತ ಮೇಷ್ಟ್ರು. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. 2024ರ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನದಲ್ಲಿ ಹೋಗಿ, ಏಪ್ರಿಲ್ ಕೊನೆಯಲ್ಲಿ ವಾಪಸ್ ಬಂದೆವು. ಹೋಗುವಾಗ ಮಧ್ಯಾಹ್ನ 2ಕ್ಕೆ ಹೊರಟು ಅದೇ ತಾರೀಖು ಸಂಜೆ 4.30ಕ್ಕೆ ಇಳಿದೆವು. ಬರುವಾಗ ಶುಕ್ರವಾರ ರಾತ್ರಿ 9ಕ್ಕೆ ಹೊರಟು ಭಾನುವಾರ ಬೆಳಗಿನ ಜಾವ 3ಕ್ಕೆ ಇಳಿದೆವು. ಎರಡು ಊರಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ ಎಂದು ಹಿಡಿದರೆ ಹೋಗುವಾಗ 16 ಗಂಟೆ, ಬರುವಾಗ 16.5 ಗಂಟೆ ಆಗುತ್ತದೆ. ಆದರೆ ಬರುವ ಟಿಕೆಟ್‌ನಲ್ಲಿ 17 ಗಂಟೆ 30 ನಿಮಿಷ ಎಂದಿದೆ. ಆ ಒಂದು ಗಂಟೆ ಎಲ್ಲಿಂದ ಬಂತು? ದೂರ ಎರಡೂ ಕಡೆ 14,000 ಕಿ.ಮೀ. ಇರುವಾಗ ಹೊತ್ತು ಬೇರೆ ಯಾಕೆ? ಭೂಮಿ ತಿರುಗುವುದಕ್ಕೂ ಇದಕ್ಕೂ ಸಂಬಂಧ ಇದೆಯೇ? ಇನ್ನೊಂದು. ಬೆಂಗಳೂರಿನಿಂದ ಮಂಗಳೂರಿಗೆ ಬರೀ 300 ಕಿ.ಮೀ. ಅದಕ್ಕೂ ಒಂದು ಗಂಟೆಗಿಂತ ಜಾಸ್ತಿ ತೋರಿಸುತ್ತಾರಲ್ಲ, ಯಾಕೆ?

ಉತ್ತರ: ಮೇಷ್ಟ್ರೇ, ನಿಮ್ಮ ಕೂಡುವುದು ಕಳೆಯುವುದು ಎಲ್ಲ ಸರಿಯಾಗಿದೆ. ತಪ್ಪಿರುವುದು ಹದಿಮೂರೂವರೆ ಎಂಬ ಒಂದು ಅಂಕಿ ಮಾತ್ರ. ನೀವು ಹೋದ ಜನವರಿಯಲ್ಲಿ ಅದು ನಿಜ. ನೀವು ಮಗಳ ಮನೆಯಲ್ಲಿದ್ದಾಗ, 2024ರ ಮಾರ್ಚ್ 10ರ ಭಾನುವಾರ, ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಪ್ರತಿ ವರ್ಷ ಮಾರ್ಚ್‌ನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಹಾಗಾಗಿ ನೀವು ವಾಪಸ್ ಬರುವ ಹೊತ್ತಿಗೆ ವ್ಯತ್ಯಾಸ ಹನ್ನೆರಡೂವರೆ ಗಂಟೆ ಆಗಿತ್ತು. ಶುಕ್ರವಾರ ರಾತ್ರಿ 9ರಿಂದ ಭಾನುವಾರ ಬೆಳಗಿನ ಜಾವ 3ರವರೆಗೆ ಗಡಿಯಾರದ ಲೆಕ್ಕದಲ್ಲಿ 30 ಗಂಟೆ. ಅದರಲ್ಲಿ 12.5 ಕಳೆಯಿರಿ. ಹದಿನೇಳೂವರೆ ಬರುತ್ತದೆ. ಟಿಕೆಟ್ ಸರಿಯಾಗಿಯೇ ಇದೆ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಕೆಲಸ ಇದೇ ಆಗಿತ್ತು. ವಿಮಾನ ಹೊರಡುವ ಮೊದಲು ದಾರಿ, ಗಾಳಿ, ಇಂಧನದ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವುದು. ಈ ಕೆಲಸದವರನ್ನು ಫ್ಲೈಟ್ ಡಿಸ್ಪ್ಯಾಚರ್ ಎನ್ನುತ್ತಾರೆ. ಈ ಒಂದು ಗಂಟೆಯ ಗೊಂದಲ ನಮಗೆ ಬರಬಾರದು ಎಂದೇ ನಾವು ಊರಿನ ಗಡಿಯಾರ ನೋಡುವುದಿಲ್ಲ. ಎಲ್ಲವನ್ನೂ ಯುಟಿಸಿ ಎಂಬ ಒಂದೇ ಹೊತ್ತಿಗೆ ತಂದುಕೊಳ್ಳುತ್ತೇವೆ. ಹಳೆಯ ಗ್ರೀನ್‌ವಿಚ್ ಸಮಯ ಅಂತ ಇಟ್ಟುಕೊಳ್ಳಿ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಅದು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸಮಯಕ್ಕೆ ಚಳಿಗಾಲದಲ್ಲಿ 8, ಬೇಸಿಗೆಯಲ್ಲಿ 7 ಕೂಡಿಸಬೇಕು. ನೀವು ಹೋಗುವಾಗ ಹೊರಟಿದ್ದು ಯುಟಿಸಿ 8.30ಕ್ಕೆ, ಇಳಿದದ್ದು ಆ ರಾತ್ರಿ 12.30ಕ್ಕೆ. ಸರಿಯಾಗಿ 16 ಗಂಟೆ. ಲೆಕ್ಕ ಮಾಡಿದ ಮೇಲೆ ತಾಳೆ ನೋಡುವ ಹಾಗೆ, ಇದನ್ನೊಮ್ಮೆ ನೀವೇ ಮಾಡಿ ನೋಡಿ.

ಒಂದು ಗಂಟೆಯ ಲೆಕ್ಕ ಮುಗಿಯಿತು. ಆದರೂ ಹದಿನಾರಕ್ಕೂ ಹದಿನೇಳೂವರೆಗೂ ಒಂದೂವರೆ ಗಂಟೆ ವ್ಯತ್ಯಾಸ ಉಳಿಯಿತು, ಅಲ್ವಾ? ಅದು ಗಡಿಯಾರದ ವ್ಯತ್ಯಾಸ ಅಲ್ಲ, ನಿಜವಾದ ವ್ಯತ್ಯಾಸ. ಅದನ್ನು ತಿಳಿಯಲು ಮೊದಲು ಆ 14,000 ಕಿ.ಮೀ. ಅಂದರೆ ಏನು ಅಂತ ನೋಡಬೇಕು.

ನಿಮ್ಮ ಹಳೆಯ ಶಾಲೆಯಲ್ಲಿ ಗ್ಲೋಬ್ ಇದ್ದೇ ಇರುತ್ತದೆ. ಒಂದು ಹೊಲಿಗೆ ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಚಿಕ್ಕ ದಾರಿಗೆ ಬಂದು ಕೂರುತ್ತದೆ. ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಬೆಂಗಳೂರು ಬಿಟ್ಟ ಕೂಡಲೇ ಹೆಚ್ಚುಕಮ್ಮಿ ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಮುದ್ರದ ಅಂಚಿಗೆ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕಾ ಮೇಲೆ ಇಳಿಮುಖವಾಗಿ ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. ಗೋಡೆಯ ನಕಾಶೆಯಲ್ಲಿ ಇದೇ ದಾರಿ ಸುಮ್ನೆ ಸುತ್ತು ಬಳಸಿದ ಹಾಗೆ ಕಾಣುತ್ತದೆ. ತಪ್ಪು ದಾರಿಯದಲ್ಲ, ನಕಾಶೆಯದು. ಉಂಡೆಯನ್ನು ಹರವಿ ಚಪ್ಪಟೆ ಮಾಡಿದಾಗ ಮೇಲಿನ ದೇಶಗಳೆಲ್ಲ ಹಿಗ್ಗಿಬಿಡುತ್ತವೆ. ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ 108 ಕಿ.ಮೀ. 71 ಡಿಗ್ರಿಯಲ್ಲಿ ಅದೇ ಒಂದು ಡಿಗ್ರಿ ಬರೀ 36 ಕಿ.ಮೀ. ಮೇಲೆ ಹೋದರೆ ಜಗತ್ತೇ ಕಿರಿದಾಗುತ್ತದೆ. ಅದಕ್ಕೇ ಮೇಲೆ ಹೋಗಿ ದಾಟುವುದು ಲಾಭ.

ನೀವು ಹೇಳಿದ 14,000 ಕಿ.ಮೀ. ಈ ದಾರದ ಉದ್ದ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ನಾನು ಲೆಕ್ಕ ಹಾಕಿದರೆ ಸುಮಾರು 13,990 ಬರುತ್ತದೆ. ಕೆಲವು ವೆಬ್‌ಸೈಟ್‌ಗಳು ಹತ್ತಿಪ್ಪತ್ತು ಕಿ.ಮೀ. ಹೆಚ್ಚುಕಡಿಮೆ ತೋರಿಸುತ್ತವೆ. ಭೂಮಿಯನ್ನು ಪೂರ್ತಿ ಗುಂಡು ಎಂದು ಹಿಡಿದರೆ ಒಂದು ಉತ್ತರ, ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ ಎಂದು ಹಿಡಿದರೆ ಇನ್ನೊಂದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ದೊಡ್ಡ ವಿಮಾನ 35,000 ಅಡಿ ಮೇಲೆ ಗಂಟೆಗೆ ಸುಮಾರು 890 ಕಿ.ಮೀ. ಹೋಗುತ್ತದೆ. 13,990ನ್ನು ಅದರಿಂದ ಭಾಗಿಸಿದರೆ 15 ಗಂಟೆ 43 ನಿಮಿಷ. ಇದು ದಾರದ ಮೇಲೇ ಹೋದರೆ, ಗಾಳಿಯೇ ಇಲ್ಲದಿದ್ದರೆ ಬರುವ ಉತ್ತರ. ಎರಡೂ ಆಗುವುದಿಲ್ಲ.

ದಾರದ ಮೇಲೆ ಯಾಕೆ ಹೋಗುವುದಿಲ್ಲ? ಮೊದಲ ತೊಡಕು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಯಾವುದೋ ಕಾರಣಕ್ಕೆ ಇಳಿದರೆ, ತಲೆ ಮೇಲಿಂದ ಆಮ್ಲಜನಕದ ಮುಖವಾಡ ಬೀಳುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿಗೆ ಸಾಲುವಷ್ಟೇ ಇರುವುದು. ಅಷ್ಟರಲ್ಲಿ ಪೈಲಟ್ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಸುವುದಾದರೂ ಎಲ್ಲಿಗೆ? ಹಾಗಾಗಿ ಆ ಕಡೆ ವಿಮಾನಗಳು ತುಂಬಾ ಕಡಿಮೆ. ಎರಡು ಎಂಜಿನ್‌ನ ವಿಮಾನ ಇನ್ನೊಂದು ನಿಯಮವನ್ನೂ ಪಾಲಿಸಬೇಕು. ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರಲ್ಲೇ ನಿಗದಿ ಮಾಡಿದ ಹೊತ್ತಿನೊಳಗೆ ಮುಟ್ಟುವಂತೆ ದಾರಿಯುದ್ದಕ್ಕೂ ಒಂದಲ್ಲ ಒಂದು ನಿಲ್ದಾಣ ಇರಬೇಕು. ಇದು ಸುಮ್ನೆ ಕಾಗದದ ನಿಯಮ ಅಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಇಳಿಯಲು ಅಲ್ಲೊಂದು ನಿಲ್ದಾಣ ಇತ್ತು, ಎಲ್ಲರೂ ಸುರಕ್ಷಿತವಾಗಿದ್ದರು.

ಇನ್ನು ಗಾಳಿ. ನಿಮ್ಮ ಪ್ರಶ್ನೆಯ ಜೀವ ಇಲ್ಲಿದೆ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನೆಲದಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ. ಮೇಲೆ, ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದೇ ಜೆಟ್ ಸ್ಟ್ರೀಮ್. ಇದನ್ನು ಮೊದಲು ಅಳೆದವರಲ್ಲಿ ಜಪಾನಿನ ವಾಸಾಬುರೋ ಓಯಿಶಿ ಒಬ್ಬರು. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಎತ್ತ ಹೋಗುತ್ತವೆ ಎಂದು ನೋಡಿ ಬರೆದಿಟ್ಟರು. ಜಗತ್ತಿಗೆಲ್ಲ ತಿಳಿಯಲಿ ಎಂದು ಅದನ್ನು ಎಸ್ಪೆರಾಂಟೋದಲ್ಲಿ, ಅಂದರೆ ಎಲ್ಲ ದೇಶದವರೂ ಕಲಿಯಲಿ ಎಂದು ಕಟ್ಟಿದ ಭಾಷೆಯಲ್ಲಿ, ಪ್ರಕಟಿಸಿದರು. ಆ ಭಾಷೆ ಓದುವವರು ಕಡಿಮೆ. ಇಪ್ಪತ್ತು ವರ್ಷ ಕಳೆದು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಇದೇ ಗಾಳಿಗೆ ಸಿಕ್ಕಿ ಒದ್ದಾಡಿದವು. ಒಳ್ಳೆಯ ಕೆಲಸ ಮಾಡಿದರೂ ಓದುವವರ ಕೈಗೆ ತಲುಪದೆ ಹೋಯಿತಲ್ಲ ಎಂದು ಓಯಿಶಿ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ.

ಚಳಿಗಾಲದಲ್ಲಿ ಜಪಾನಿನ ಮೇಲೆ ಈ ಗಾಳಿ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ನೀವು ಹೋದದ್ದು ಜನವರಿಯಲ್ಲಿ. ಅಂಥ ದಿನ ಡಿಸ್ಪ್ಯಾಚರ್ ದಾರದ ದಾರಿಯನ್ನು ಬಿಟ್ಟು, ಬಂಗಾಳ ಕೊಲ್ಲಿ, ಚೀನಾ, ಜಪಾನ್ ಕಡೆಯಿಂದ ಶಾಂತ ಸಾಗರದ ಮೇಲೆ ದಾರಿ ಹಾಕುತ್ತಾನೆ. ಬೆಂಗಳೂರಿನಿಂದ ಟೋಕಿಯೋ, ಟೋಕಿಯೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೂಡಿಸಿದರೆ ಹತ್ತಿರ ಹತ್ತಿರ 14,900 ಕಿ.ಮೀ. ದಾರಕ್ಕಿಂತ 900 ಕಿ.ಮೀ. ಜಾಸ್ತಿ. ಆದರೆ ದಾರಿಯುದ್ದಕ್ಕೂ ಸರಾಸರಿ 90 ಕಿ.ಮೀ. ಗಾಳಿ ಬೆನ್ನಿಗಿದ್ದರೆ ವೇಗ 980 ಆಗುತ್ತದೆ. ಭಾಗಿಸಿ ನೋಡಿ. 15 ಗಂಟೆ 12 ನಿಮಿಷ. ದೂರ ಹೆಚ್ಚಾಯಿತು, ಹೊತ್ತು ಕಡಿಮೆಯಾಯಿತು. ಏರುವುದು, ಇಳಿಯುವುದು, ರನ್‌ವೇವರೆಗೆ ಉರುಳಿಕೊಂಡು ಹೋಗುವುದು ಎಲ್ಲ ಸೇರಿಸಿದರೆ ನಿಮ್ಮ 16 ಗಂಟೆಗೆ ಬಂದು ನಿಲ್ಲುತ್ತದೆ. ಪ್ರಯಾಣಿಕರು ಕಿಲೋಮೀಟರ್ ನೋಡುತ್ತಾರೆ. ನಾವು ನೋಡುವುದು ನಿಮಿಷ ಮತ್ತು ಇಂಧನ.

ಅದೇ ದಾರಿಯಲ್ಲಿ ವಾಪಸ್ ಬಂದರೆ? ಗಾಳಿ ಎದುರಿಗೆ. ವೇಗ 800ಕ್ಕೆ ಇಳಿಯುತ್ತದೆ. 14,900ಕ್ಕೆ ಹದಿನೆಂಟೂವರೆ ಗಂಟೆಗಿಂತ ಜಾಸ್ತಿ ಬೇಕು. ಹೋಗುವಾಗ ಉಳಿಸಿದ್ದನ್ನು ಬರುವಾಗ ಕೊಟ್ಟರೆ ಸಮ ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಕಾವೇರಿಯಲ್ಲಿ ಹರಿಗೋಲು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ನೀರಿನ ಜೊತೆ ಹೋಗುವಾಗ ಸಿಗುವ ಲಾಭ, ನೀರಿಗೆ ಎದುರು ಬರುವಾಗ ಆಗುವ ನಷ್ಟವನ್ನು ತುಂಬುವುದಿಲ್ಲ. 900ರ ವೇಗದಲ್ಲಿ 9,000 ಕಿ.ಮೀ. ಹೋಗಿ ಬರಲು 20 ಗಂಟೆ. ಗಾಳಿ 100 ಇದ್ದರೆ ಹೋಗಲು 9 ಗಂಟೆ, ಬರಲು ಹನ್ನೊಂದೂಕಾಲು. ಒಟ್ಟು ಇಪ್ಪತ್ತೂಕಾಲು. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಅದಕ್ಕೇ ಅದರ ಪೆಟ್ಟು ಹೆಚ್ಚು.

ಹಾಗಾಗಿ ವಾಪಸ್ ಬರುವಾಗ ಗಾಳಿಯಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಹುಡುಕುತ್ತೇವೆ. ಸಾಮಾನ್ಯವಾಗಿ ಇನ್ನೂ ಉತ್ತರಕ್ಕೆ. ಈ ಮಾರ್ಗದ ಮೊದಲ ಏರ್ ಇಂಡಿಯಾ ವಿಮಾನ ನಿಮಗೆ ನೆನಪಿರಬಹುದು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳೇ. ವಿಮಾನ ಬೋಯಿಂಗ್ 777-200ಎಲ್‌ಆರ್. ಹದಿನೇಳು ಗಂಟೆಗೂ ಹೆಚ್ಚು ಹೊತ್ತು ಹಾರಿದರು. ಧ್ರುವದ ಮೇಲೆ ಹೋಗುವುದು ದಾರಕ್ಕಿಂತ ಉದ್ದದ ದಾರಿಯೇ. ಆದರೂ ಅಲ್ಲಿ ಎದುರು ಗಾಳಿಯ ಕಾಟ ಕಡಿಮೆ.

ಆ ದಾರಿಗೂ ತನ್ನದೇ ಕಷ್ಟ ಇದೆ. ಅಲ್ಲಿ ಹೊರಗಿನ ಚಳಿ ಎಷ್ಟೆಂದರೆ ರೆಕ್ಕೆಯಲ್ಲಿರುವ ಇಂಧನ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ತುಂಬುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿವರೆಗೆ ತಡೆಯುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿ ತುಂಬುವುದು ಜೆಟ್ ಎ. ಅದು ಮೈನಸ್ 40ಕ್ಕೇ ಗಟ್ಟಿಯಾಗಲು ಶುರು. ಅಂದರೆ ಬರುವ ವಿಮಾನ ಹೋಗುವ ವಿಮಾನಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕು. ಇಂಧನ ತೀರಾ ತಣ್ಣಗಾಗುತ್ತಿದೆ ಅನ್ನಿಸಿದರೆ ಪೈಲಟ್ ಸ್ವಲ್ಪ ಕೆಳಗಿನ ಬೆಚ್ಚನೆ ಗಾಳಿಗೆ ಇಳಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಇವೆಲ್ಲದರ ಮೇಲೆ ದೇಶಗಳ ಜಗಳ ಬೇರೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿತು, ಭಾರತದ ಕಂಪನಿಗಳಿಗೆ ಮುಚ್ಚಲಿಲ್ಲ. ಹಾಗಾಗಿ ಅದೇ ಎರಡು ಊರುಗಳ ನಡುವೆ, ಒಂದೇ ಮಾದರಿಯ ವಿಮಾನಕ್ಕೂ, ಬಾಲದ ಮೇಲೆ ಯಾವ ದೇಶದ ಹೆಸರಿದೆ ಎಂಬುದರ ಮೇಲೆ ಹೊತ್ತು ಬದಲಾಗಬಹುದು.

ಗಾಳಿ ಯಾವಾಗಲೂ ಪಶ್ಚಿಮದಿಂದಲೇ ಬೀಸುತ್ತದೆ ಎಂದು ತಿಳಿಯಬೇಡಿ. ನಮ್ಮ ದಕ್ಷಿಣ ಭಾರತದ ಮೇಲೆ ಮಳೆಗಾಲದಲ್ಲಿ ಇದಕ್ಕೆ ಉಲ್ಟಾ ಹೊಳೆಯೊಂದು, ಪೂರ್ವದಿಂದ ಪಶ್ಚಿಮಕ್ಕೆ, ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಹರಿಯುತ್ತದೆ. ಅದನ್ನು 1950ರ ದಶಕದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ನಮ್ಮವರೇ, ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಜುಲೈನಲ್ಲಿ ಬೆಂಗಳೂರಿನಿಂದ ದುಬೈಗೆ ಹೋಗುವ ವಿಮಾನಕ್ಕೆ ಹೊರಟ ಮೊದಲಲ್ಲಿ ಬೆನ್ನು ತಟ್ಟುವುದು ಇದರ ಅಂಚು.

ಭೂಮಿ ತಿರುಗುವ ವಿಷಯ ಕೇಳಿದ್ದೀರಿ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಅದು ನೇರವಾಗಿ ಲೆಕ್ಕಕ್ಕೆ ಬರುವ ಹಾಗಿದ್ದರೆ, ದೇವನಹಳ್ಳಿಯಲ್ಲಿ ಹೆಲಿಕಾಪ್ಟರ್ ಸುಮ್ನೆ ನೆಲ ಬಿಟ್ಟು ನಿಂತರೆ ಹನ್ನೊಂದು ನಿಮಿಷಕ್ಕೆ ಮಂಗಳೂರು ಅದರ ಕೆಳಗೆ ಬರಬೇಕಿತ್ತು. ಬರುವುದಿಲ್ಲ. ಯಾಕೆಂದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತದೆ. ಓಡುವ ಬಸ್ಸಿನೊಳಗೆ ಹಾರಾಡುವ ನೊಣ ಹಿಂದಿನ ಗಾಜಿಗೆ ಬಂದು ಬಡಿಯುವುದಿಲ್ಲ, ಅಲ್ವಾ? ಆದರೆ ಪರೋಕ್ಷವಾಗಿ ಸಂಬಂಧ ಇದೆ. ಭೂಮಧ್ಯರೇಖೆಯ ಬಿಸಿ ಗಾಳಿ ಧ್ರುವದ ಕಡೆ ಸರಿಯುವಾಗ, ಭೂಮಿ ತಿರುಗುವುದರಿಂದಲೇ ಅದು ಪೂರ್ವಕ್ಕೆ ತಿರುಗಿಕೊಳ್ಳುತ್ತದೆ. ಜೆಟ್ ಸ್ಟ್ರೀಮ್ ಹುಟ್ಟುವುದು ಹಾಗೆ. ಅಂದರೆ ಭೂಮಿ ನಿಮ್ಮ ವಿಮಾನವನ್ನು ತಳ್ಳುವುದಿಲ್ಲ, ತಳ್ಳುವ ಗಾಳಿಯನ್ನು ತಯಾರು ಮಾಡುತ್ತದೆ.

ಈಗ ಮಂಗಳೂರು. ದೇವನಹಳ್ಳಿಯಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರ ದೂರ 306 ಕಿ.ಮೀ. 890ರಿಂದ ಭಾಗಿಸಿದರೆ 21 ನಿಮಿಷ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ. ಇಲ್ಲಿ ಗಾಳಿಯ ಪಾತ್ರ ಕಡಿಮೆ. 10,000 ಅಡಿಗಿಂತ ಕೆಳಗೆ ವಿಮಾನ ಗಂಟೆಗೆ ಸುಮಾರು 460 ಕಿ.ಮೀ.ಗಿಂತ ಜೋರಾಗಿ ಹೋಗುವಂತಿಲ್ಲ. ಪೂರ್ತಿ ಎತ್ತರಕ್ಕೆ ಏರಲು 200 ಕಿ.ಮೀ. ಬೇಕು, ಇಳಿಯಲು ಇನ್ನೊಂದು 200. ಎರಡೂ ಸೇರಿದರೆ 400 ಆಯಿತು, ಮಂಗಳೂರು ಇರುವುದೇ 306ಕ್ಕೆ. ಹಾಗಾಗಿ ಅರ್ಧ ಎತ್ತರಕ್ಕೆ ಏರಿ, ತಿಂಡಿ ತಟ್ಟೆ ಹಂಚಿ ಮುಗಿಸುವಷ್ಟರಲ್ಲಿ ಇಳಿಯಲು ಶುರು ಮಾಡಬೇಕು. ಸಕಲೇಶಪುರದ ಘಟ್ಟ ಹತ್ತಿ ತಕ್ಷಣ ಇಳಿಯುವ ಬಸ್ಸಿನ ಹಾಗೆ, ಟಾಪ್ ಗೇರ್ ಹಾಕಲು ಜಾಗವೇ ಸಿಗುವುದಿಲ್ಲ. ಇನ್ನೊಂದು ವಿಷಯ. ದೇವನಹಳ್ಳಿಯ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ. ಪೂರ್ವದ ಗಾಳಿ ಇರುವ ದಿನ ಮೊದಲು ಪೂರ್ವಕ್ಕೆ ಏರಿ, ಆಮೇಲೆ ತಿರುಗಿ ಪಶ್ಚಿಮದ ಮಂಗಳೂರಿಗೆ ಹೋಗಬೇಕು.

ಜೊತೆಗೆ ಟಿಕೆಟ್‌ನಲ್ಲಿರುವುದು ಹಾರುವ ಹೊತ್ತಲ್ಲ. ನಿಂತ ಲಾರಿಯ ಗಾಲಿಗೆ ಕಲ್ಲು ಕೊಡುವುದನ್ನು ನೋಡಿದ್ದೀರಲ್ಲ, ವಿಮಾನದ ಗಾಲಿಗೂ ಹಾಗೆ ಅಡ್ಡ ಕೊಟ್ಟಿರುತ್ತಾರೆ. ಗೇಟ್ ಬಳಿ ಆ ಅಡ್ಡ ತೆಗೆದ ಕ್ಷಣದಿಂದ, ಇನ್ನೊಂದು ಊರಿನ ಗೇಟ್ ಬಳಿ ಮತ್ತೆ ಅಡ್ಡ ಕೊಡುವವರೆಗಿನ ಹೊತ್ತು ಟಿಕೆಟ್‌ನಲ್ಲಿರುತ್ತದೆ. ಇದನ್ನು ಬ್ಲಾಕ್ ಟೈಮ್ ಎನ್ನುತ್ತೇವೆ. ಬೆಂಗಳೂರಿನಲ್ಲಿ ಗೇಟ್‌ನಿಂದ ರನ್‌ವೇಗೆ ಹೋಗಿ ಸಾಲಿನಲ್ಲಿ ಕಾಯುವುದಕ್ಕೇ ಒಮ್ಮೊಮ್ಮೆ ಕಾಲು ಗಂಟೆ ಹಿಡಿಯುತ್ತದೆ. ಸಾಲದ್ದಕ್ಕೆ ಕಂಪನಿಗಳು ಐದು ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡೇ ಸಮಯ ಹಾಕುತ್ತವೆ. ತಡವಾದರೆ ಲೆಕ್ಕಕ್ಕೆ ಬರುತ್ತದೆ, ಬೇಗ ಬಂದರೆ ಯಾರೂ ದೂರುವುದಿಲ್ಲ. ಅದನ್ನು ನಾನು ತಪ್ಪು ಎನ್ನುವುದಿಲ್ಲ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮಂಜು ಕವಿದು ವಿಮಾನ ಸುತ್ತು ಹೊಡೆಯುವ ದಿನ ಆ ನಿಮಿಷಗಳು ಬೇಕಾಗುತ್ತವೆ.

ಮನೆಯಲ್ಲೇ ಲೆಕ್ಕ ಹಾಕಬೇಕಾದರೆ ಒಂದು ಸುಲಭ ದಾರಿ ಹೇಳುತ್ತೇನೆ. ನೇರ ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ದೆಹಲಿಗೆ 1,700 ಕಿ.ಮೀ., ಎರಡು ಗಂಟೆ ನಲವತ್ತು ನಿಮಿಷ ಬರುತ್ತದೆ. ದುಬೈಗೆ 2,700, ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಟಿಕೆಟ್ ಸಮಯಕ್ಕೆ ಇದು ತುಂಬಾ ಹತ್ತಿರ. ಆದರೆ ಪೂರ್ವ ಪಶ್ಚಿಮವಾಗಿ ಹತ್ತು ಗಂಟೆ ದಾಟುವ ಪ್ರಯಾಣಕ್ಕೆ ಇದನ್ನು ನಂಬಬೇಡಿ. ಅಲ್ಲಿ ಗಾಳಿ ಹೇಳಿದ್ದೇ ಕೊನೆ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಲೇಬೇಕು ಅನ್ನಿಸಿತು. ನಿಮ್ಮ ವಯಸ್ಸಿನವರಲ್ಲಿ ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ತುಂಬಾ ಜನ. ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿದರೆ, ನಡುವೆ 16 ಗಂಟೆ ಕಳೆದಿದೆ ಎಂಬುದು ಗಡಿಯಾರ ನೋಡಿದರೆ ಗೊತ್ತೇ ಆಗುವುದಿಲ್ಲ. ರಾತ್ರಿಯ ಮಾತ್ರೆ ತಪ್ಪಿಹೋಗುವುದು ಹೀಗೇ. ಮುಂದಿನ ಸಲ ಮೊಬೈಲ್ ತಾನಾಗಿ ಅಲ್ಲಿನ ಸಮಯಕ್ಕೆ ತಿರುಗಲಿ, ಕೈಗಡಿಯಾರವನ್ನು ಮಾತ್ರ ಇಳಿಯುವವರೆಗೂ ತುಮಕೂರಿನ ಸಮಯದಲ್ಲೇ ಬಿಡಿ. ಯಾವ ಮಾತ್ರೆ ಎಷ್ಟು ಗಂಟೆ ಬಿಟ್ಟು ಎಂದು ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ, ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಮಗಳಿಗೆ ಇಳಿಯುವ ಹೊತ್ತು ತಿಳಿಸುವಾಗ ಅಲ್ಲಿನ ತಾರೀಖನ್ನೂ ವಾರವನ್ನೂ ಸೇರಿಸಿ ಹೇಳಿ.

ಸೀಟಿನ ಮುಂದಿನ ಪರದೆಯಲ್ಲಿ ನಕಾಶೆ ಹಾಕಿಕೊಂಡರೆ ನೆಲದ ಮೇಲಿನ ವೇಗ ತೋರಿಸುತ್ತದೆ. ಜಪಾನ್ ಹತ್ತಿರ ಬಂದಾಗ ಅದನ್ನೊಮ್ಮೆ ನೋಡಿ. ಚಳಿಗಾಲವಾದರೆ 1,000 ದಾಟಿರುತ್ತದೆ. ವಿಮಾನದ ಸ್ವಂತ ವೇಗ ಸುಮಾರು 890. ಮಿಕ್ಕಿದ್ದು ಓಯಿಶಿ ಬಲೂನು ಬಿಟ್ಟು ಅಳೆದ ಗಾಳಿಯದು.